ಮನೆ ಕೊಟ್ಟರೆ ಸಾಲದು, ದೀಪದ ಲೆಕ್ಕವೂ ಸರಿಯಾಗಬೇಕು

(ದೋಣಿಮಲೈಯಲ್ಲಿ ಗಣಿ ಕೆಲಸಗಾರರು, ಬಾಡಿಗೆ ಮನೆಯವರು ಮತ್ತು ಅಂಗಡಿಕಾರರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ಒಂದು ಸಣ್ಣ ಚೀಟಿಯ ವಿಷಯ ಮಾತನಾಡಲು ಬಂದಿದ್ದೇವೆ. ತಿಂಗಳಿಗೊಮ್ಮೆ ಮನೆ ಬಾಗಿಲಿಗೆ ಬರುವ ವಿದ್ಯುತ್ತಿನ ಬಿಲ್ಲು, ಸಂಬಳದ ಚೀಟಿಯ ಮೂಲೆಯಲ್ಲಿ ಕಾಣುವ ದೀಪ-ನೀರಿನ ಕಡಿತ, ಬಾಡಿಗೆಯ ಜೊತೆಗೆ ಮನೆಯೊಡೆಯರು ಬಾಯಿಲೆಕ್ಕದಲ್ಲಿ ಕೇಳುವ ಕರೆಂಟಿನ ದುಡ್ಡು, ಈ ಮೂರೂ ನೋಡಲು ಬೇರೆ ಬೇರೆ. ಆದರೆ ಮೂರೂ ಹೊರಡುವುದು ಒಂದೇ ಜೇಬಿನಿಂದ.

ರಿಯಾಯಿತಿ ಬಾಡಿಗೆಯ ಮನೆ ಎಂದರೆ ನಾಲ್ಕು ಗೋಡೆ ಮತ್ತು ಒಂದು ಸೂರು ಎಂದಷ್ಟೇ ತಿಳಿದವರು ಬಹಳ ಮಂದಿ. ದೀಪವಿಲ್ಲದ, ನೀರಿಲ್ಲದ, ಬೇಸಿಗೆಯಲ್ಲಿ ಗಾಳಿಯಾಡದ ಮನೆಯನ್ನು ಈ ಬಳ್ಳಾರಿ ಸೀಮೆಯಲ್ಲಿ ಮನೆಯೆಂದು ಕರೆಯುವವರು ಯಾರು? ಆದ್ದರಿಂದಲೇ ಮನೆಯ ಸವಲತ್ತಿನ ಜೊತೆಗೆ ದೀಪ-ನೀರಿನ ಸವಲತ್ತೂ ಬರುತ್ತದೆ. ಕೆಲವು ಕಡೆ ಅದು ಇಷ್ಟು ಯೂನಿಟ್ ಬಿಟ್ಟಿ ಎಂದಿರುತ್ತದೆ; ಕೆಲವು ಕಡೆ ತಿಂಗಳಿಗೆ ಇಷ್ಟು ರೂಪಾಯಿ ಭತ್ಯೆ ಎಂದಿರುತ್ತದೆ. ನಮ್ಮ ಇಂದಿನ ಮಾತೆಲ್ಲ ಈ ಒಂದು ಸಂಗತಿಯ ಸುತ್ತ: ಈ ಭತ್ಯೆಯನ್ನು ಒಂದು ಸಲ ಗೊತ್ತುಮಾಡಿ ಮರೆತುಬಿಟ್ಟರೆ, ದರ ಏರಿದಂತೆಲ್ಲ ಬಾಡಿಗೆಯೇ ಏರಿದಂತಾಗುತ್ತದೆ. ಬಾಡಿಗೆ ಏರಿಸುವವರು ಬಾಯಿಬಿಟ್ಟು ಹೇಳಬೇಕಾಗುತ್ತದೆ, ಬೈಗುಳ ಕೇಳಬೇಕಾಗುತ್ತದೆ. ಭತ್ಯೆಯನ್ನು ಏರಿಸದೆ ಸುಮ್ಮನಿರುವವರಿಗೆ ಆ ಕಷ್ಟವಿಲ್ಲ. ಅವರು ಏನೂ ಮಾಡಬೇಕಿಲ್ಲ, ಏನೂ ಮಾಡದೆ ಇದ್ದರೆ ಸಾಕು. ಇದು ಸದ್ದಿಲ್ಲದ ಬಾಡಿಗೆ ಏರಿಕೆ. ಕೆಲಸಗಾರನ ಕಡೆಯಿಂದ ನೋಡಿದರೆ ಸದ್ದಿಲ್ಲದ ಸಂಬಳ ಕಡಿತ.

ಒಂದೇ ಬೆಟ್ಟ, ನಾಲ್ಕು ಬಗೆಯ ಮನೆ

ದೋಣಿಮಲೈಯ ಸ್ಥಿತಿಯನ್ನೇ ನೋಡೋಣ. 1958ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮವು ಇಲ್ಲಿ 1977ರಲ್ಲಿ ಯಂತ್ರಗಳ ಗಣಿಯನ್ನು ಆರಂಭಿಸಿತು. ಗಣಿಯ ಜೊತೆಗೆ ವಸತಿ ಬಡಾವಣೆ ಬಂತು. ಜನಗಣತಿಯವರು ಅದನ್ನು ಪ್ರತ್ಯೇಕ ಪಟ್ಟಣವೆಂದೇ ಎಣಿಸಿದರು. ಸಂಡೂರಿನ ಕಾಡಿನ ನಡುವೆ ಅದಿರಿಗಾಗಿ ಹುಟ್ಟಿದ ಊರು ಇದು. ಅದಿರು ರೈಲು ಹತ್ತಿ ಹೋಗುತ್ತದೆ. ಧೂಳು ಇಲ್ಲೇ ಉಳಿಯುತ್ತದೆ.

ಗಣಿ ಇರುವ ಕಡೆ ಕೆಲಸಗಾರ ಒಂದೇ ಬಗೆಯ ಮನೆಯಲ್ಲಿರುವುದಿಲ್ಲ. ಮೊದಲನೆಯವರು ಕಾಯಂ ನೌಕರರು. ಇವರಿಗೆ ಕ್ವಾರ್ಟರ್ಸು ಉಂಟು. ಎರಡನೆಯವರು ಗುತ್ತಿಗೆ ಕೆಲಸಗಾರರು. ಇವರು ಸುತ್ತಲ ಹಳ್ಳಿಗಳಲ್ಲಿ, ಸಂಡೂರಿನಲ್ಲಿ, ತೋರಣಗಲ್ಲಿನಲ್ಲಿ ಒಂದು ಕೋಣೆಯನ್ನೋ ಎರಡು ಕೋಣೆಯನ್ನೋ ಬಾಡಿಗೆಗೆ ಹಿಡಿದವರು. ಮೂರನೆಯವರು ಸರ್ಕಾರದ ನೆರವಿನಿಂದ ಕಟ್ಟಿದ ಮನೆಗಳಲ್ಲಿ ಇರುವವರು. ನಾಲ್ಕನೆಯವರು ಅಂಗಡಿಯ ಹಿಂದೆಯೇ ಒಲೆ ಹೂಡಿಕೊಂಡ ಸಣ್ಣ ವ್ಯಾಪಾರಿಗಳು. ಹಗಲು ಅಂಗಡಿ, ರಾತ್ರಿ ಮನೆ.

ಈ ನಾಲ್ವರೂ ಒಂದೇ ಬಿಸಿಲಿನಲ್ಲಿ ಬೇಯುತ್ತಾರೆ, ಒಂದೇ ಧೂಳಿಗೆ ಕಿಟಕಿ ಮುಚ್ಚುತ್ತಾರೆ. ಕಿಟಕಿ ಮುಚ್ಚಿದ ಮೇಲೆ ಫ್ಯಾನು ಓಡಲೇಬೇಕು. ರಾತ್ರಿ ಪಾಳಿ ಮುಗಿಸಿ ಬಂದವನು ಹಗಲು ಮಲಗಬೇಕಾದರೆ ಹಗಲೂ ಓಡಬೇಕು. ಕೆಂಪು ಧೂಳು ಹಿಡಿದ ಬಟ್ಟೆ ಒಗೆಯಲು ಬೇರೆ ಊರಿನವರಿಗಿಂತ ಹೆಚ್ಚು ನೀರು ಬೇಕು. ಹೀಗೆ ಗಣಿ ಊರಿನಲ್ಲಿ ದೀಪ-ನೀರಿನ ಖರ್ಚಿನ ಒಂದು ಪಾಲು ಮನೆಯ ಚಾಳಿಯಿಂದ ಹುಟ್ಟಿದ್ದಲ್ಲ, ಕೆಲಸದಿಂದ ಹುಟ್ಟಿದ್ದು. ಕೆಲಸದಿಂದ ಹುಟ್ಟಿದ ಖರ್ಚನ್ನು ಕೆಲಸ ಕೊಟ್ಟವರೂ ಸರ್ಕಾರವೂ ಹೊರಬೇಕೆಂದು ಕೇಳುವುದು ಬೇಡಾಟವಲ್ಲ, ಲೆಕ್ಕಾಚಾರ.

2018ರ ನವೆಂಬರಿನಲ್ಲಿ ಗುತ್ತಿಗೆಯ ಅವಧಿ ಮುಗಿದು, ಪ್ರೀಮಿಯಂ ಹಣದ ವಿಷಯದಲ್ಲಿ ರಾಜ್ಯ ಸರ್ಕಾರಕ್ಕೂ ನಿಗಮಕ್ಕೂ ಒಮ್ಮತವಾಗದೆ ದೋಣಿಮಲೈ ಗಣಿ ನಿಂತಿತು. ಮತ್ತೆ ಕೆಲಸ ಶುರುವಾದದ್ದು 2021ರ ಫೆಬ್ರವರಿಯಲ್ಲಿ. ಎರಡು ವರ್ಷಕ್ಕೂ ಮೀರಿ ಗಣಿ ನಿಂತಿತ್ತು. ಮನೆಗಳ ಮೀಟರು ನಿಂತಿರಲಿಲ್ಲ. ಇಂಥ ಊರಿನಲ್ಲಿ ಭತ್ಯೆ ಎಂಬುದು ಎಷ್ಟು ಮುಖ್ಯ ಎಂಬುದನ್ನು ಉದ್ರಿ ಬರೆದುಕೊಳ್ಳುವ ಅಂಗಡಿಕಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ಬಿಲ್ಲು ಏರಿದ ತಿಂಗಳು ಅಂಗಡಿಯ ಖಾತೆ ಪುಸ್ತಕದಲ್ಲಿ ಬಾಕಿ ಏರುತ್ತದೆ.

ಹಳೆಯ ವಾಗ್ದಾನ

ಈ ಬೇಡಿಕೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1952ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರ ಕೈಗಾರಿಕಾ ಕಾರ್ಮಿಕರಿಗಾಗಿ ಸಹಾಯಧನದ ವಸತಿ ಯೋಜನೆಯನ್ನು ತಂದಿತು. ರಾಜ್ಯ ಸರ್ಕಾರ ಮನೆ ಕಟ್ಟಿದರೆ ಖರ್ಚಿನಲ್ಲಿ ಅರ್ಧ ಸಹಾಯಧನ, ಅರ್ಧ ಸಾಲ. ಕಾರ್ಖಾನೆಯ ಕೆಲಸಗಾರರ ಜೊತೆಗೆ, ಕಲ್ಲಿದ್ದಲು ಮತ್ತು ಅಭ್ರಕದ ಗಣಿಗಳನ್ನು ಬಿಟ್ಟು ಉಳಿದ ಗಣಿಗಳ ಕೆಲಸಗಾರರೂ ಆ ಯೋಜನೆಯ ಒಳಗೆ ಬಂದರು. ಸಂಬಳದಿಂದ ಪೂರ್ತಿ ಬಾಡಿಗೆ ಕೊಡಲಾರದವನಿಗೆ ಸಮಾಜ ಅರ್ಧ ಹೆಗಲು ಕೊಡಬೇಕು ಎಂಬುದು ಅದರ ತಿರುಳು.

ಐದು ವರ್ಷದ ಮೇಲೆ, 1957ರಲ್ಲಿ, 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಸೇರಿತು. ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಮೂವರೂ ಕುಳಿತು ಕನಿಷ್ಠ ಸಂಬಳಕ್ಕೆ ಒಂದು ಅಳತೆ ಒಪ್ಪಿದರು. ದುಡಿಯುವವನ ಸಂಸಾರವನ್ನು ಮೂರು ಬಳಕೆ ಘಟಕವೆಂದು ಎಣಿಸಬೇಕು. ಒಬ್ಬರಿಗೆ 2,700 ಕ್ಯಾಲೊರಿಯ ಆಹಾರ. ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ. ಸರ್ಕಾರದ ಕೈಗಾರಿಕಾ ವಸತಿ ಯೋಜನೆಯ ಕನಿಷ್ಠ ಮನೆಗೆ ತಕ್ಕ ಬಾಡಿಗೆ. ಇಂಧನ, ದೀಪ ಮತ್ತು ಇತರ ಬಾಬತ್ತಿಗೆ ಒಟ್ಟು ಕನಿಷ್ಠ ಸಂಬಳದ ಶೇಕಡ 20.

ಗಮನಿಸಿ: ಬಾಡಿಗೆ ಒಂದು ಬಾಬತ್ತು, ದೀಪ-ಇಂಧನ ಇನ್ನೊಂದು ಬಾಬತ್ತು. ಎರಡೂ ಬೇಕೆಂದು ಅಂದೇ ಒಪ್ಪಿದ್ದರು. ಆದರೆ ಅಂದಿನ ದೀಪವೆಂದರೆ ಸೀಮೆಎಣ್ಣೆಯ ಬುಡ್ಡಿ, ಕಂದೀಲು, ಇಂಧನವೆಂದರೆ ಸೌದೆ. ಕಾಲ ಬದಲಾಯಿತು. ಮಕ್ಕಳ ಓದು ವಿದ್ಯುತ್ತಿಗೆ ಬಂತು, ಒಲೆ ಸಿಲಿಂಡರಿಗೆ ಬಂತು, ನೀರು ಮೋಟಾರಿಗೆ ಬಂತು. 2020ರಲ್ಲಿ ವೇತನ ಸಂಹಿತೆಯ ಕೇಂದ್ರ ನಿಯಮಗಳ ಕರಡು ಹೊರಬಿದ್ದಾಗ ನೋಡಿದರೆ, ಇಂಧನ, ವಿದ್ಯುತ್ತು ಮತ್ತು ಇತರ ಬಾಬತ್ತಿಗೆ ಅದೇ ಶೇಕಡ 20! ಅರವತ್ತು ವರ್ಷಕ್ಕೂ ಮೀರಿ ಮನೆಯೊಳಗಿನ ವಸ್ತುಗಳೆಲ್ಲ ಬದಲಾದವು; ಕಾಗದದ ಮೇಲಿನ ಅಂಕಿ ಬದಲಾಗಲಿಲ್ಲ.

ಬೆಲೆ ಸೂಚ್ಯಂಕದ ಕಥೆಯೂ ಹೀಗೆಯೇ. ಕೈಗಾರಿಕಾ ಕಾರ್ಮಿಕರ ಬಳಕೆದಾರ ಬೆಲೆ ಸೂಚ್ಯಂಕವನ್ನು 2001ರ ಅಡಿಪಾಯದಲ್ಲಿ ಲೆಕ್ಕ ಹಾಕುತ್ತಿದ್ದಾಗ ಇಂಧನ ಮತ್ತು ದೀಪಕ್ಕೆ ಕೊಟ್ಟಿದ್ದ ತೂಕ ನೂರಕ್ಕೆ 6.43. 2016ರ ಅಡಿಪಾಯಕ್ಕೆ ಬಂದಾಗ ಅದು 5.50ಕ್ಕೆ ಇಳಿಯಿತು. ಇದು ದೇಶದ ಸರಾಸರಿ. ತಂಪು ಊರಿನವನು, ಕಡಲ ತೀರದವನು, ಬಿಸಿಲೂರಿನವನು, ಎಲ್ಲರನ್ನೂ ಕಲಸಿ ತೆಗೆದ ಅಂಕಿ. ತುಟ್ಟಿಭತ್ಯೆ ಈ ಅಂಕಿಯ ಮೇಲೆ ನಡೆಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಸಂಡೂರು-ಹೊಸಪೇಟೆ ಸೀಮೆಯ ಮನೆಯಲ್ಲಿ ಓಡುವ ಕೂಲರು ಆ ಸರಾಸರಿಯಲ್ಲಿ ಕಾಣುವುದೇ ಇಲ್ಲ. ಅದಕ್ಕೇ ನಾವು ಹೇಳುವುದು: ತುಟ್ಟಿಭತ್ಯೆ ಬಂತಲ್ಲ, ಇನ್ನೇನು ಬೇಕು ಎನ್ನುವ ಉತ್ತರ ಸಾಲದು.

ದರ ಹೇಗೆ ತಿರುಗಿತು ನೋಡಿ

ಮೂರು ವರ್ಷದ ಲೆಕ್ಕ ಬಿಡಿಸಿಡುತ್ತೇವೆ. 2023ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಗೊತ್ತುಮಾಡಿದ ಗೃಹ ಬಳಕೆಯ ದರದಲ್ಲಿ 100 ಯೂನಿಟ್ಟಿನ ಒಳಗೆ ಬಳಸಿದವರಿಗೆ ಯೂನಿಟ್ಟಿಗೆ 4 ರೂ. 75 ಪೈಸೆ, ನೂರು ದಾಟಿದರೆ ಎಲ್ಲ ಯೂನಿಟ್ಟಿಗೂ 7 ರೂ. 2024ರ ಏಪ್ರಿಲಿನಿಂದ ಈ ಎರಡು ಮೆಟ್ಟಿಲನ್ನು ತೆಗೆದು ಎಲ್ಲರಿಗೂ ಒಂದೇ ದರ ಮಾಡಿದರು: 5 ರೂ. 90 ಪೈಸೆ.

80 ಯೂನಿಟ್ ಬಳಸುವ ಮನೆಯ ವಿದ್ಯುತ್ತಿನ ಬೆಲೆ 380 ರೂ. ಇದ್ದದ್ದು 472 ರೂ. ಆಯಿತು. 150 ಯೂನಿಟ್ ಬಳಸುವ ಮನೆಯದು 1,050 ರೂ. ಇದ್ದದ್ದು 885 ರೂ.ಗೆ ಇಳಿಯಿತು. ಸಣ್ಣವನಿಗೆ ಏರಿತು, ಅವನಿಗಿಂತ ದೊಡ್ಡವನಿಗೆ ಇಳಿಯಿತು. ಪತ್ರಿಕೆಗಳಲ್ಲಿ ದರ ಇಳಿಕೆ ಎಂಬ ತಲೆಬರಹವೂ ಬಂತು!

2025ರ ಏಪ್ರಿಲಿನಿಂದ ಯೂನಿಟ್ ದರವನ್ನು 5 ರೂ. 80 ಪೈಸೆಗೆ ಇಳಿಸಿದರು. ಒಂದು ಕೈಯಲ್ಲಿ ಹತ್ತು ಪೈಸೆ ಕೊಟ್ಟು ಇನ್ನೊಂದು ಕೈಯಲ್ಲಿ ತೆಗೆದುಕೊಂಡರು. ವಿದ್ಯುತ್ ಇಲಾಖೆಯ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯ ಬಾಬತ್ತು ಎಂದು ಯೂನಿಟ್ಟಿಗೆ 36 ಪೈಸೆ ಸೇರಿಸಿದರು. ಕಿಲೋವಾಟಿಗೆ 120 ರೂ. ಇದ್ದ ನಿಗದಿತ ಶುಲ್ಕವನ್ನು 145 ರೂ. ಮಾಡಿದರು. ದುಡಿದು ನಿವೃತ್ತರಾದವರಿಗೆ ಪಿಂಚಣಿ ಸಿಗಲೇಬೇಕು, ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಅದರ ಭಾರವನ್ನು ಬಡವನ ಬಲ್ಬಿನ ಮೇಲೂ ಬಂಗಲೆಯ ದೀಪದ ಮೇಲೂ ಒಂದೇ ತೂಕದಲ್ಲಿ ಹೇರುವುದು ಯಾವ ನ್ಯಾಯ?

ಈಗ ತಿಂಗಳಿಗೆ ಇಷ್ಟು ರೂಪಾಯಿ ಎಂದು ಗೊತ್ತಾದ ದೀಪದ ಭತ್ಯೆ 2023ರಲ್ಲಿ 380 ಇತ್ತೆಂದು ಇಟ್ಟುಕೊಳ್ಳಿ. ಅಂದು ಅದು 80 ಯೂನಿಟ್ಟಿಗೆ ಸಾಕಾಗುತ್ತಿತ್ತು. 2025ರ ದರದಲ್ಲಿ ಹೆಚ್ಚುವರಿ 36 ಪೈಸೆ ಸೇರಿಸಿದರೆ ಅದೇ 380 ರೂ.ಗೆ ಬರುವುದು 61 ಯೂನಿಟ್ಟು. ಭತ್ಯೆಯ ಅಂಕಿ ಒಂದು ಪೈಸೆಯೂ ಕಡಿಮೆಯಾಗಲಿಲ್ಲ. ಆದರೆ 19 ಯೂನಿಟ್ಟು ಮಾಯ. ಒಂದು ಫ್ಯಾನು ತಿಂಗಳಲ್ಲಿ ಇಪ್ಪತ್ತು ದಿನ ಓಡಲಾರದೆ ನಿಂತಂತೆ.

ಗೃಹಜ್ಯೋತಿ: ಒಳ್ಳೆಯದು ಮತ್ತು ಅರ್ಧವಾದದ್ದು

ಇಷ್ಟಾದ ಮೇಲೆ ಯಾರಾದರೂ ಎದ್ದು ಕೇಳಬಹುದು: ಸ್ವಾಮಿ, ಸರ್ಕಾರ ಗೃಹಜ್ಯೋತಿ ಕೊಟ್ಟಿದೆಯಲ್ಲ? ಕೊಟ್ಟಿದೆ, ಅದನ್ನು ನಾವು ಸ್ವಾಗತಿಸುತ್ತೇವೆ. ಅದರ ಹಿಂದಿನ ದಾರಿಯನ್ನೂ ನೆನೆಯಬೇಕು. ಭಾಗ್ಯಜ್ಯೋತಿಯ ಕಾಲದಲ್ಲಿ ಬಡವರ ಮನೆಗೆ ಒಂದು ದೀಪ. ಅದಕ್ಕೆ ಎಣಿಸಿದ್ದು ತಿಂಗಳಿಗೆ 18 ಯೂನಿಟ್ಟು. 60 ವಾಟಿನ ಒಂದು ಬಲ್ಬು ದಿನಕ್ಕೆ ಹತ್ತು ಗಂಟೆ ಉರಿದರೆ ತಿಂಗಳಿಗೆ 18 ಯೂನಿಟ್ಟು ಆಗುತ್ತದೆ. ಬಡವನಿಗೆ ಅಷ್ಟೇ ಸಾಕೆಂದಾಯಿತು. ಮುಂದೆ ಅದು 40 ಯೂನಿಟ್ಟಾಯಿತು. 2023ರ ಜುಲೈಯಿಂದ ಗೃಹಜ್ಯೋತಿ ಬಂದು, 200 ಯೂನಿಟ್ಟಿನ ಮಿತಿಯೊಳಗೆ ಬಿಟ್ಟಿ ವಿದ್ಯುತ್ತು ಎಂದಾಯಿತು. ಬಾಡಿಗೆದಾರರಿಗೂ ಉಂಟೆಂದು ಆದೇಶದಲ್ಲೇ ಬಂತು. ಜನ ಕೇಳಿದರೆ ಭತ್ಯೆ ಬದಲಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಆದರೆ 200 ಎಂಬುದು ಎಲ್ಲರಿಗೂ ಸಿಗುವ ಅಂಕಿಯಲ್ಲ. ಒಂದು ಮನೆಯ 2022-23ರ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ಶೇಕಡ 10: ಇದೇ ಆ ಮನೆಯ ಹಕ್ಕಿನ ಯೂನಿಟ್ಟು ಎಂದು ಗೊತ್ತುಮಾಡಿದರು. 2024ರ ಆರಂಭದಲ್ಲಿ ಕಡಿಮೆ ಬಳಸುವವರಿಗೆ ಶೇಕಡ 10ರ ಬದಲು 10 ಯೂನಿಟ್ಟು ಎಂದು ತಿದ್ದಿದರು. ಹಕ್ಕು ಮೀರಿದರೆ ಮೀರಿದ್ದಕ್ಕೆ ದುಡ್ಡು. 200 ಮೀರಿದರೆ ಪೂರ್ತಿ ಬಿಲ್ಲು. ಹಿಂದಿನ ಲೆಕ್ಕವೇ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53 ಯೂನಿಟ್ಟು ಹಿಡಿದು, ಅದಕ್ಕೆ ಶೇಕಡ 10 ಸೇರಿಸಿ 58 ಯೂನಿಟ್ಟು ಎಂದು ಮೊದಲ ಆದೇಶದಲ್ಲಿ ಇಟ್ಟರು.

ಈ ಲೆಕ್ಕ ಬಿಸಿಲೂರಿನ ಬಾಡಿಗೆ ಮನೆಯಲ್ಲಿ ಹೇಗೆ ನಡೆಯುತ್ತದೆ ನೋಡಿ. ಎರಡು ಫ್ಯಾನು ದಿನಕ್ಕೆ ಹನ್ನೆರಡು ಗಂಟೆ ಓಡಿದರೆ ತಿಂಗಳಿಗೆ 54 ಯೂನಿಟ್ಟು. ನಾಲ್ಕು ಎಲ್‌ಇಡಿ ಬಲ್ಬು ಸುಮಾರು 6. ಒಂದು ಟಿ.ವಿ. 9. ಸಣ್ಣ ಫ್ರಿಜ್ಜು ಸುಮಾರು 20. ಒಟ್ಟು 90ರ ಹತ್ತಿರ. ಇದರಲ್ಲಿ ದುಂದು ಎಲ್ಲಿದೆ? ಬೇಸಿಗೆಯ ನಾಲ್ಕು ತಿಂಗಳು 200 ವಾಟಿನ ಕೂಲರು ರಾತ್ರಿ ಹತ್ತು ಗಂಟೆ ಓಡಿದರೆ ಇನ್ನೂ 60 ಸೇರಿ 150.

ಎಂಟು ತಿಂಗಳು 90, ನಾಲ್ಕು ತಿಂಗಳು 150. ಸರಾಸರಿ 110, ಶೇಕಡ 10 ಸೇರಿ ಹಕ್ಕು 121. ಎಂಟು ತಿಂಗಳು ತಿಂಗಳಿಗೆ 31 ಯೂನಿಟ್ಟಿನಂತೆ 248 ಯೂನಿಟ್ಟು ಬಳಸದೆ ಕಳೆದುಹೋಗುತ್ತದೆ. ಬೇಸಿಗೆಯಲ್ಲಿ ಮಾತ್ರ ತಿಂಗಳಿಗೆ 29 ಯೂನಿಟ್ಟಿಗೆ ದುಡ್ಡು ಕಟ್ಟಬೇಕು. 2025ರ ದರದಲ್ಲಿ ತೆರಿಗೆ ಸೇರದೆಯೇ 178 ರೂ.ಗೂ ಮೇಲೆ. ವರ್ಷಕ್ಕೆ ಗೊತ್ತಾದ ಒಟ್ಟು ಹಕ್ಕಿನ ಒಳಗೇ ಬದುಕಿದ ಮನೆ, ಉಳಿಸಿದ್ದನ್ನು ಕಳೆದುಕೊಂಡು, ಬೇಕಾದಾಗ ದಂಡ ತೆತ್ತಂತಾಯಿತು. ಕಣಜ ತುಂಬಿದಾಗ ಬೀಗ ಹಾಕಿ, ಹಸಿದಾಗ ಕೊಂಡು ತಿನ್ನು ಎಂದಂತೆ.

ಇನ್ನು ಈ ಅಡಿಗಲ್ಲಿನ ವರ್ಷದ ಮಾತು. 2022-23ರಲ್ಲಿ ಇಬ್ಬರಿದ್ದ ಮನೆಯಲ್ಲಿ ಆಮೇಲೆ ಮಗು ಹುಟ್ಟಿತು, ಊರಿನಿಂದ ತಾಯಿ ಬಂದರು. ಅಂದು ಫ್ಯಾನು ಒಂದು, ಈಗ ಎರಡು. ಅಂದು ಬಡತನದಿಂದ ದೀಪ ಆರಿಸಿ ಉಳಿಸಿದವರಿಗೆ ಆ ಉಳಿತಾಯವೇ ಶಾಶ್ವತ ಮಿತಿಯಾಯಿತು. ಅಂದು ಧಾರಾಳವಾಗಿ ಬಳಸಿದವರಿಗೆ ಧಾರಾಳವೇ ಹಕ್ಕಾಯಿತು. ಅಗತ್ಯವನ್ನು ಅಳೆಯದೆ ಹಿಂದಿನ ಬಳಕೆಯನ್ನು ಅಳೆದರೆ ಬಡತನವನ್ನೇ ಅಳತೆಗೋಲು ಮಾಡಿದಂತೆ. ಅಡಿಗಲ್ಲು ಹಳೆಯದಾದಷ್ಟೂ ಈ ಅನ್ಯಾಯ ಬೆಳೆಯುತ್ತದೆ.

ಬಾಡಿಗೆದಾರನ ಕಷ್ಟ ಇನ್ನೊಂದು. ಪ್ರತ್ಯೇಕ ಮೀಟರು, ಆರ್.ಆರ್. ಸಂಖ್ಯೆ ಇದ್ದರೆ ಅವನು ಹೆಸರು ಜೋಡಿಸಬಹುದು. ಮನೆ ಬದಲಿಸಿದಾಗ ಹಳೆಯ ಜೋಡಣೆ ಬಿಡಿಸಿಕೊಳ್ಳುವ ಅನುಕೂಲವೂ 2024ರಲ್ಲಿ ಬಂತು. ಆದರೆ ಒಂದೇ ಮೀಟರಿನ ಕೆಳಗೆ ನಾಲ್ಕು ಕೋಣೆ, ನಾಲ್ಕು ಸಂಸಾರ ಇದ್ದರೆ? ನಾಲ್ವರ ಬಳಕೆ ಸೇರಿ 200 ದಾಟುತ್ತದೆ, ಬಿಟ್ಟಿಯೆಲ್ಲ ಹೋಗುತ್ತದೆ. ಮನೆಯೊಡೆಯರು ಹೇಳಿದ್ದೇ ದರವಾಗುತ್ತದೆ. ಒಂದು ವಸತಿ ಬಡಾವಣೆ ಸಗಟಾಗಿ ವಿದ್ಯುತ್ತು ಪಡೆದು ಒಳಗೆ ತಾನೇ ಹಂಚಿದರೆ, ಒಳಗಿನ ಮನೆಗೆ ಜೆಸ್ಕಾಂನ ಆರ್.ಆರ್. ಸಂಖ್ಯೆಯೇ ಇರುವುದಿಲ್ಲ, ಅಲ್ಲಿ ಭತ್ಯೆ ಎಷ್ಟೆಂಬುದು ಬಡಾವಣೆಯ ಒಡೆತನ ಯಾರದೋ ಅವರ ಕೈಯಲ್ಲಿ. ಅಂಗಡಿಯ ಹಿಂದೆ ವಾಸಿಸುವವನ ಮೀಟರು ವಾಣಿಜ್ಯದ್ದು. ಅವನ ಅಡಿಗೆಮನೆಯ ದೀಪಕ್ಕೂ ವಾಣಿಜ್ಯ ದರ. ಒಂದೇ ಬೀದಿಯಲ್ಲಿ ಒಬ್ಬನಿಗೆ ಸೊನ್ನೆ ಬಿಲ್ಲು, ಪಕ್ಕದವನಿಗೆ ಸಾವಿರದ ಬಿಲ್ಲು. ಇಬ್ಬರ ಸಂಪಾದನೆಯೂ ಒಂದೇ.

ವಿಪರ್ಯಾಸ ನೋಡಿ. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರಿನಿಂದ ವಿದ್ಯುತ್ತು ಹುಟ್ಟುತ್ತದೆ. ಕುಡಿತಿನಿಯಲ್ಲಿ 1,700 ಮೆಗಾವಾಟಿನ ಸ್ಥಾವರ ನಿಂತಿದೆ. ಕಬ್ಬಿಣ ಇಲ್ಲಿಯದು, ಬೂದಿ ಇಲ್ಲಿಯದು, ಶಾಖ ಇಲ್ಲಿಯದು. ಬೆಳಕಿನ ಲೆಕ್ಕಕ್ಕೆ ಬಂದಾಗ ಮಾತ್ರ ನಾವು ರಾಜ್ಯದ ಸರಾಸರಿ!

ದುಂದಾಗುತ್ತದೆ ಎನ್ನುವವರಿಗೆ

ಭತ್ಯೆ ಏರಿಸಿದರೆ ಜನ ದುಂದು ಮಾಡುತ್ತಾರೆ, ಖಜಾನೆ ಬರಿದಾಗುತ್ತದೆ ಎನ್ನುವವರು ಉಂಟು. ಅವರಿಗೆ ನಮ್ಮ ಉತ್ತರ ಸರಳ. ನಾವು ಮಿತಿ ಬೇಡ ಎಂದಿಲ್ಲ. ಮಿತಿ ನಿಜವಾದ ಅಗತ್ಯಕ್ಕೆ ತಕ್ಕಂತಿರಲಿ ಎನ್ನುತ್ತೇವೆ. ಮಿತಿಯೊಳಗೆ ಉಳಿಸಿದವನಿಗೆ ಉಳಿತಾಯದ ಫಲ ಸಿಗಲಿ. ಆಗ ಯಾರೂ ಹೇಳದೆಯೇ ಫ್ಯಾನು ಆರಿಸಿ ಹೊರಗೆ ಹೋಗುತ್ತಾನೆ. ಇಂದು ಉಳಿಸಿದ್ದು ಕಳೆದುಹೋಗುವುದರಿಂದಲೇ ಉಳಿಸುವ ಆಸೆ ಸಾಯುತ್ತದೆ.

ಕಾಲಕಾಲಕ್ಕೆ ತಾನಾಗಿ ಬದಲಾಗುವ ಭತ್ಯೆ ನಮ್ಮ ದೇಶಕ್ಕೆ ಹೊಸದೂ ಅಲ್ಲ. ಏಳನೆಯ ವೇತನ ಆಯೋಗದ ಮೇಲೆ ಕೇಂದ್ರ ಸರ್ಕಾರಿ ನೌಕರರ ಮನೆ ಬಾಡಿಗೆ ಭತ್ಯೆ ಊರಿನ ದರ್ಜೆಗೆ ತಕ್ಕಂತೆ ಮೂಲವೇತನದ ಶೇಕಡ 24, 16, 8 ಇತ್ತು. ತುಟ್ಟಿಭತ್ಯೆ ಶೇಕಡ 25 ಮುಟ್ಟಿದರೆ 27, 18, 9. ಶೇಕಡ 50 ಮುಟ್ಟಿದರೆ 30, 20, 10 ಎಂದು ಮೊದಲೇ ಬರೆದಿಟ್ಟರು. ಅದರಂತೆ 2021ರ ಜುಲೈಯಲ್ಲಿ ಒಮ್ಮೆ, 2024ರ ಜನವರಿಯಿಂದ ಇನ್ನೊಮ್ಮೆ ಏರಿತು. ಗಣಿಯ ಗುತ್ತಿಗೆ ಕೆಲಸಗಾರರಿಗೆ ಕೇಂದ್ರದ ಕನಿಷ್ಠ ವೇತನದ ತುಟ್ಟಿಭತ್ಯೆಯೂ ಏಪ್ರಿಲ್ 1 ಮತ್ತು ಅಕ್ಟೋಬರ್ 1ರಂದು ತಿರುಗುವ ಪದ್ಧತಿ ನಡೆದುಬಂದಿದೆ. ಬಾಡಿಗೆಗೆ ನಿಯಮ ಉಂಟು, ಬೆಲೆಗೆ ನಿಯಮ ಉಂಟು. ದೀಪ-ನೀರಿಗೆ ಮಾತ್ರ ಯಾಕಿಲ್ಲ?

ಬಂಡವಾಳದ ಮಹಾರಾಜ್ಯವೆನಿಸಿದ ಅಮೆರಿಕದಲ್ಲಿ ಏನಿದೆ ಕೇಳಿ. ಅಲ್ಲಿ ಸರ್ಕಾರದ ನೆರವಿನ ಮನೆಯಲ್ಲಿರುವ ಬಡವನ ಬಾಡಿಗೆಗೆ 1969ರಲ್ಲಿ ಒಂದು ಮೇರೆ ಹಾಕಿದರು: ಆದಾಯದ ಶೇಕಡ 25ಕ್ಕಿಂತ ಹೆಚ್ಚಬಾರದು. 1981ರಲ್ಲಿ ಅದನ್ನು 30ಕ್ಕೆ ಏರಿಸಿದರು. ಆದರೆ ಬಾಡಿಗೆ ಎಂಬ ಮಾತಿನೊಳಗೆ ಮಿತವಾದ ದೀಪ, ಇಂಧನ, ನೀರಿನ ಖರ್ಚೂ ಸೇರಿದೆ. ಆ ಖರ್ಚನ್ನು ಬಾಡಿಗೆದಾರನೇ ಕಟ್ಟುವುದಾದರೆ ಅಷ್ಟನ್ನು ಬಾಡಿಗೆಯಲ್ಲಿ ಕಳೆಯಬೇಕು. ಈ ಭತ್ಯೆಯ ಪಟ್ಟಿಯನ್ನು ವರ್ಷಕ್ಕೊಮ್ಮೆ ಪರಿಶೀಲಿಸಬೇಕು; ದರ ಶೇಕಡ 10 ಬದಲಾದರೆ ಪಟ್ಟಿಯನ್ನು ತಿದ್ದಲೇಬೇಕು. ಸರ್ಕಾರಿ ವಸತಿಗಳಲ್ಲಿ ಹೊಸ ಪಟ್ಟಿ ಜಾರಿಯಾಗುವ 60 ದಿನ ಮೊದಲೇ ಬಾಡಿಗೆದಾರರಿಗೆ ತಿಳಿಸಿ ಅವರ ಆಕ್ಷೇಪಣೆ ಕೇಳಬೇಕು.

ಆ ನಿಯಮವೂ ಕಾಗದದ ಮೇಲಿಂದ ತಾನಾಗಿ ಇಳಿದು ಬರಲಿಲ್ಲ. ವರ್ಜೀನಿಯಾ ರಾಜ್ಯದ ರೋನೋಕ್ ಎಂಬ ಊರಿನಲ್ಲಿ ಸರ್ಕಾರಿ ವಸತಿಯ ಬಡ ಬಾಡಿಗೆದಾರರು, ದೀಪದ ಖರ್ಚಿಗೆ ತಕ್ಕ ಭತ್ಯೆ ಕೊಡದೆ ನಮ್ಮಿಂದ ಹೆಚ್ಚು ವಸೂಲು ಮಾಡಿದ್ದಾರೆ ಎಂದು ವಸತಿ ಮಂಡಲಿಯ ಮೇಲೆ ದಾವೆ ಹೂಡಿದರು. ಕೆಳಗಿನ ನ್ಯಾಯಾಲಯಗಳು, ನೀವು ದಾವೆ ಹೂಡುವಂತೆಯೇ ಇಲ್ಲ ಎಂದುಬಿಟ್ಟವು. 1987ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಐವರು ಒಂದು ಕಡೆ, ನಾಲ್ವರು ಒಂದು ಕಡೆ ನಿಂತು, ಬಾಡಿಗೆದಾರರಿಗೆ ಆ ಹಕ್ಕು ಉಂಟೆಂದು ತೀರ್ಪಿತ್ತಿತು. ಒಂದು ಮತದ ಅಂತರ! ಭತ್ಯೆ ಎಂಬುದು ದಯೆಯಲ್ಲ, ಕೇಳಿ ಪಡೆಯಬಹುದಾದ ಹಕ್ಕು ಎಂಬುದು ಆ ತೀರ್ಪಿನಿಂದ ನಾವು ತೆಗೆದುಕೊಳ್ಳುವ ಪಾಠ.

ಕಾನೂನು ನಮ್ಮ ಕೈಯಲ್ಲೂ ಇದೆ

ನಮ್ಮಲ್ಲೂ ಹಿಡಿ ಸಿಗುವ ಕಾನೂನು ಇಲ್ಲದಿಲ್ಲ. 1936ರ ವೇತನ ಪಾವತಿ ಕಾಯಿದೆಯಲ್ಲಿ ಇದ್ದ ಒಂದು ಮಾತು 2019ರ ವೇತನ ಸಂಹಿತೆಯಲ್ಲೂ ಉಳಿದಿದೆ. ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂತು. ಮಾಲೀಕ ಕೊಟ್ಟ ಮನೆಗೆ, ಸೌಕರ್ಯಕ್ಕೆ ಸಂಬಳದಿಂದ ಹಣ ಹಿಡಿಯಬೇಕಾದರೆ ಕೆಲಸಗಾರ ಅದನ್ನು ಒಪ್ಪಿರಬೇಕು. ಹಿಡಿದ ಹಣ ಆ ಸೌಕರ್ಯದ ಬೆಲೆಯನ್ನು ಮೀರಬಾರದು. ಬೆಲೆಯನ್ನು ಮೀರಬಾರದು ಎಂದರೆ ಬೆಲೆ ಎಷ್ಟೆಂದು ತೋರಿಸಬೇಕು. ತೋರಿಸಬೇಕಾದರೆ ಮೀಟರು ಬೇಕು, ದರ ಬೇಕು, ಲೆಕ್ಕ ಬೇಕು. ಒಟ್ಟು ಇಷ್ಟು ಎಂದು ಒಂದೇ ಗೆರೆಯಲ್ಲಿ ಹಿಡಿದ ಕಡಿತವನ್ನು ಬಿಡಿಸಿ ತೋರಿಸಿ ಎಂದು ಕೇಳುವ ಬಾಯಿ ನಮಗೆ ಇದೆ.

ಅದಿರು ತೆಗೆದ ಊರಿಗೆ ಹಣವಿಲ್ಲ ಎಂಬ ಮಾತೂ ನಿಲ್ಲುವುದಿಲ್ಲ. 2015ರ ತಿದ್ದುಪಡಿಯಿಂದ ಪ್ರತಿ ಗಣಿ ಜಿಲ್ಲೆಯಲ್ಲೂ ಜಿಲ್ಲಾ ಖನಿಜ ಪ್ರತಿಷ್ಠಾನ ಬಂದಿದೆ. ಗಣಿಯಿಂದ ಬಾಧಿತರಾದವರಿಗಾಗಿ ಇರುವ ಹಣ ಅದು. ಕುಡಿಯುವ ನೀರು ಅದರ ಮೊದಲ ಸಾಲಿನ ಕೆಲಸಗಳಲ್ಲಿ ಒಂದು. ಬಾಡಿಗೆ ಕೋಣೆಯವರು ಟ್ಯಾಂಕರಿನ ನೀರಿಗೆ ದುಡ್ಡು ಸುರಿಯುವಾಗ ಈ ಹಣದ ಲೆಕ್ಕ ಕೇಳುವುದು ತಪ್ಪಲ್ಲ.

ನಾವು ಕೇಳುವುದು ಐದು

ಒಂದು: ದೀಪ-ನೀರಿನ ಭತ್ಯೆಯನ್ನು, ಅದು ಕಂಪನಿಯದಾಗಲಿ ಸರ್ಕಾರದ್ದಾಗಲಿ, ಪ್ರತಿವರ್ಷ ಆಯೋಗದ ದರದ ಆದೇಶ ಬಂದ ಒಂದು ತಿಂಗಳೊಳಗೆ ಪರಿಶೀಲಿಸಬೇಕು. ನಿಗದಿತ ಶುಲ್ಕ, ಹೆಚ್ಚುವರಿ ಶುಲ್ಕ, ತೆರಿಗೆ ಎಲ್ಲ ಸೇರಿ ಬಿಲ್ಲು ಶೇಕಡ 10 ಏರಿದರೆ ಭತ್ಯೆ ತಾನಾಗಿಯೇ ಏರಬೇಕು.

ಎರಡು: ಗೃಹಜ್ಯೋತಿಯ ಹಕ್ಕನ್ನು ತಿಂಗಳ ಮಿತಿಯಾಗಿ ಅಲ್ಲ, ವರ್ಷದ ಒಟ್ಟು ಮಿತಿಯಾಗಿ ಎಣಿಸಬೇಕು. ಮಳೆಗಾಲದಲ್ಲಿ ಉಳಿದದ್ದು ಬೇಸಿಗೆಗೆ ಬರಬೇಕು. ಅಡಿಗಲ್ಲಿನ ವರ್ಷವನ್ನು ಕಾಲಕಾಲಕ್ಕೆ ಹೊಸದು ಮಾಡಬೇಕು. ಮನೆಯ ಜನರ ಸಂಖ್ಯೆಯನ್ನೂ ಊರಿನ ಬಿಸಿಲನ್ನೂ ನೋಡಬೇಕು.

ಮೂರು: ಒಂದು ಮೀಟರಿನ ಕೆಳಗೆ ಹಲವು ಸಂಸಾರ ಇರುವ ಕಡೆ ಒಳಮೀಟರು ಹಾಕಿಸಿ, ಪ್ರತಿ ಸಂಸಾರವನ್ನೂ ಬೇರೆಯಾಗಿ ಎಣಿಸಬೇಕು. ಸಗಟಾಗಿ ವಿದ್ಯುತ್ತು ಪಡೆಯುವ ವಸತಿ ಬಡಾವಣೆಗಳಲ್ಲಿ ಒಳಗಿನ ಮನೆಗೂ ಹೊರಗಿನ ಮನೆಗೂ ಭೇದ ಇರಬಾರದು. ಅಂಗಡಿಯ ಹಿಂದೆ ವಾಸಿಸುವವರ ಮನೆಯ ಭಾಗಕ್ಕೆ ಗೃಹ ದರದ ಪ್ರತ್ಯೇಕ ಮೀಟರು ಸುಲಭದಲ್ಲಿ ಸಿಗಬೇಕು.

ನಾಲ್ಕು: ಭತ್ಯೆಯ ಪಟ್ಟಿಯನ್ನು, ಅದನ್ನು ಹೇಗೆ ಲೆಕ್ಕ ಹಾಕಿದರು ಎಂಬುದರ ಸಮೇತ, ಕನ್ನಡದಲ್ಲಿ ಬರೆದು ಎಲ್ಲರಿಗೂ ಕಾಣುವ ಕಡೆ ಹಚ್ಚಬೇಕು. ಬದಲಿಸುವ ಮೊದಲು ವಾಸಿಸುವವರನ್ನು ಕೇಳಬೇಕು. ಮನೆಯಲ್ಲಿ ಕಾಯಿಲೆಯವರು, ಮುದುಕರು, ಅಂಗವಿಕಲರು ಇದ್ದರೆ ಹೆಚ್ಚು ಭತ್ಯೆಗೆ ಅರ್ಜಿ ಕೊಡಲು ದಾರಿ ಇರಬೇಕು.

ಐದು: ಕಾಯಂ ನೌಕರನಿಗೆ ಸಿಗುವ ದೀಪ-ನೀರಿನ ಸವಲತ್ತಿಗೆ ಸಮನಾದ ಹಣ ಅದೇ ಗಣಿಯಲ್ಲಿ ದುಡಿಯುವ ಗುತ್ತಿಗೆ ಕೆಲಸಗಾರನಿಗೂ ಸಿಗಬೇಕು. ಮಣ್ಣು ಒಂದೇ, ಬೆವರು ಒಂದೇ, ಬೇಸಿಗೆಯೂ ಒಂದೇ.

ಈ ಐದರಲ್ಲಿ ಯಾವುದೂ ಆಕಾಶದಿಂದ ಚುಕ್ಕಿ ಕಿತ್ತು ತಾ ಎಂಬಂಥದ್ದಲ್ಲ. ಎಲ್ಲವೂ ಒಂದು ಆದೇಶದಿಂದ, ಒಂದು ಲೆಕ್ಕದ ಪುಸ್ತಕದಿಂದ ಆಗುವಂಥವು. ಆದರೆ ಕೇಳುವವರು ಒಡೆದು ನಿಂತರೆ ಆಗುವುದಿಲ್ಲ. ಕ್ವಾರ್ಟರ್ಸಿನವರು ನಮಗೇನು ಕಡಿಮೆ ಎಂದುಕೊಂಡರೆ, ಬಾಡಿಗೆ ಕೋಣೆಯವರು ಅವರಿಗೆ ಸಿಕ್ಕಿದ್ದೇ ಹೆಚ್ಚು ಎಂದುಕೊಂಡರೆ, ಅಂಗಡಿಯವರು ಇದು ಕೂಲಿಯವರ ಗೋಳು ಎಂದುಕೊಂಡರೆ, ಮೂವರ ಬಿಲ್ಲೂ ಏರುತ್ತಲೇ ಇರುತ್ತದೆ.

ಆದ್ದರಿಂದ ನಾಳೆಯಿಂದಲೇ ಒಂದು ಕೆಲಸ ಮಾಡೋಣ. ಪ್ರತಿ ಮನೆಯಲ್ಲೂ ಒಂದು ನೋಟುಪುಸ್ತಕ ಇಡೋಣ. ತಿಂಗಳ ಮೊದಲ ದಿನ ಮೀಟರಿನ ಅಂಕಿ ಬರೆಯೋಣ. ಬಿಲ್ಲನ್ನು, ಸಂಬಳದ ಚೀಟಿಯನ್ನು, ಮನೆಯೊಡೆಯರಿಗೆ ಕೊಟ್ಟ ಹಣದ ಲೆಕ್ಕವನ್ನು ಅದರೊಳಗೆ ಇಡೋಣ. ತಾಯಂದಿರೇ, ಈ ಪುಸ್ತಕ ನಿಮ್ಮ ಕೈಯಲ್ಲಿರಲಿ; ಮನೆಯ ಒಲೆ-ದೀಪದ ಲೆಕ್ಕ ನಿಮ್ಮಷ್ಟು ಬಲ್ಲವರು ಯಾರೂ ಇಲ್ಲ. ಒಂದು ವರ್ಷ, ಒಂದು ಬೇಸಿಗೆ, ಒಂದು ಮಳೆಗಾಲ ಹೀಗೆ ಬರೆದರೆ ನೂರು ಮನೆಯ ನೂರು ಪುಸ್ತಕ ಸೇರುತ್ತದೆ. ಮುಂದೆ ದರದ ವಿಷಯದಲ್ಲಿ ಆಯೋಗ ಸಾರ್ವಜನಿಕರ ಆಕ್ಷೇಪಣೆ ಕರೆದಾಗ, ಆಡಳಿತ ವರ್ಗದವರು ಮಾತುಕತೆಗೆ ಕರೆದಾಗ, ಆ ಪುಸ್ತಕಗಳನ್ನೇ ಮೇಜಿನ ಮೇಲೆ ಇಡೋಣ. ಸರಾಸರಿ ಎನ್ನುವವರ ಮುಂದೆ ನಮ್ಮ ಮನೆಯ ನಿಜವಾದ ಅಂಕಿ ನಿಲ್ಲಲಿ.